ಕೃತಕ ಜೀವಕೋಶ: ನಿರ್ಮಾಣವೋ, ಸೃಷ್ಟಿಯೋ?

ಗೋಕಾಕದ ಕುಶಲಕರ್ಮಿಗಳು ಹಗುರಾದ ಮರವನ್ನು ಕೆತ್ತಿ, ಬಣ್ಣವಿಟ್ಟು ಮಾಡುವ ಹಣ್ಣುಗಳು ನಾಡಿನಲ್ಲಿ ಹೆಸರಾದುವು. ತಟ್ಟೆಯಲ್ಲಿಟ್ಟರೆ ತೋಟದ ಮಾವು ಯಾವುದು, ಮರದ ಮಾವು ಯಾವುದು ಎಂದು ಮುಟ್ಟಿಯೇ ತಿಳಿಯಬೇಕು. ಆದರೂ ಅಂಥ ಹಣ್ಣನ್ನು ನೆಲದಲ್ಲಿ ಹುಗಿದು ಮೊಳಕೆಗಾಗಿ ಕಾಯುವ ಮರುಳ ಮೂಡಲಗಿಯಲ್ಲಾಗಲಿ ಹುಕ್ಕೇರಿಯಲ್ಲಾಗಲಿ ಸಿಕ್ಕಲಾರ. ರೂಪ ಬೇರೆ, ಜೀವ ಬೇರೆ ಎಂಬುದನ್ನು ಒಕ್ಕಲುತನದವರಿಗೆ ಯಾರೂ ಕಲಿಸಬೇಕಾಗಿಲ್ಲ. ಈ ಎರಡರ ನಡುವಣ ಅಂತರವನ್ನೇ ಅಳೆಯಲು ಇಂದಿನ ಪ್ರಯೋಗಶಾಲೆ ಹೊರಟಿದೆ. ಅಲ್ಲಿ ಕೃತಕ ಜೀವಕೋಶವನ್ನು ಕಟ್ಟುವ ಪ್ರಯತ್ನ ನಡೆದಿದೆ. ಅದರ ಸುದ್ದಿ ಓದಿದಾಗಲೆಲ್ಲ ನಮ್ಮ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ ಎಂದು ನನಗೆ ತೋರುತ್ತದೆ: ಅಲ್ಲಿ ಮಾಡಿದ್ದು ಎಷ್ಟು, ಎರವಲು ತಂದದ್ದು ಎಷ್ಟು?

2010ರ ಮೇ ತಿಂಗಳಲ್ಲಿ ಅಮೆರಿಕದ ಕ್ರೇಗ್ ವೆಂಟರ್ ಅವರ ಸಂಸ್ಥೆ ಪ್ರಕಟಿಸಿದ ಫಲಿತಾಂಶವನ್ನು ಹಲವು ಪತ್ರಿಕೆಗಳು ಜೀವಸೃಷ್ಟಿಯೆಂದೇ ಸಾರಿದುವು. ನಡೆದುದಿಷ್ಟು: ಆಡುಗಳನ್ನು ಬಾಧಿಸುವ ಒಂದು ಬ್ಯಾಕ್ಟೀರಿಯದ ಡಿಎನ್‌ಎಯನ್ನು, ಅಂದರೆ ಸುಮಾರು 10 ಲಕ್ಷ 80 ಸಾವಿರ ಅಕ್ಷರಗಳ ಆನುವಂಶಿಕ ಬರಹವನ್ನು, ರಾಸಾಯನಿಕವಾಗಿ ತಯಾರಿಸಿದ ತುಣುಕುಗಳಿಂದ ಜೋಡಿಸಿದರು; ಅದನ್ನು ಹತ್ತಿರದ ಸಂಬಂಧಿಯಾದ ಇನ್ನೊಂದು ಬ್ಯಾಕ್ಟೀರಿಯದೊಳಗೆ ಇಳಿಸಿದರು. ಆ ಕೋಶವು ಹೊಸದಾಗಿ ಬಂದ ಬರಹದಂತೆ ನಡೆದು ಸಂತತಿಯನ್ನು ಬೆಳೆಸಿತು. ಸಾಹಸವೇ ಸರಿ. ಆದರೆ ಗ್ರಂಥ ಹೊಸದಾಗಿ ಅಚ್ಚಾದದ್ದು. ಅದರ ಪಾಠ ಬಹುಮಟ್ಟಿಗೆ ಹಳೆಯದು, ಅದನ್ನು ಓದಿಕೊಂಡ ಮನೆಯೂ ಹಳೆಯದು. ಪೊರೆ, ಶಕ್ತಿ, ಬರಹವನ್ನು ಓದಬಲ್ಲ ಸಲಕರಣೆ, ಎಲ್ಲವೂ ಜೀವಂತ ಕೋಶವೊಂದರ ಬಳುವಳಿ.

ನನಗೆ ಇದಕ್ಕಿಂತ ಹಿರಿದಾಗಿ ಕಾಣುವುದು ಅದೇ ಸಂಸ್ಥೆಯವರ 2016ರ ಕೆಲಸ. ಬದುಕಿಗೆ ಅನಿವಾರ್ಯವಲ್ಲದ್ದನ್ನು ಕಳೆಯುತ್ತ ಕಳೆಯುತ್ತ ಅವರು 473 ಜೀನುಗಳ ಕೋಶವೊಂದನ್ನು ಉಳಿಸಿಕೊಂಡರು. ಅವುಗಳಲ್ಲಿ 149 ಏನು ಮಾಡುತ್ತವೆಂಬುದು ಜೋಡಿಸಿದವರಿಗೇ ಅಂದು ತಿಳಿದಿರಲಿಲ್ಲ. ತೆಗೆದರೆ ಕೋಶ ಸಾಯುತ್ತದೆ, ಇಲ್ಲವೆ ಸೊರಗುತ್ತದೆ ಎಂಬುದಷ್ಟೇ ಗೊತ್ತಿತ್ತು. ಉಳಿದ ಕೋಶವೂ ಅಡ್ಡಾದಿಡ್ಡಿಯಾಗಿ ಒಡೆಯುತ್ತಿತ್ತು. ಕಳೆದುಹಾಕಿದ ಕೆಲವು ಜೀನುಗಳನ್ನು ಮರಳಿ ಸೇರಿಸಿ ನೋಡಿದಾಗ, ಅವುಗಳಲ್ಲಿ 7 ಕ್ರಮವಾದ ವಿಭಜನೆಗೆ ಬೇಕೇ ಬೇಕು ಎಂಬುದು 2021ರಲ್ಲಿ ತಿಳಿದುಬಂತು. ಕಟ್ಟಹೊರಟವನಿಗೆ ತನ್ನ ಅಜ್ಞಾನದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ದೊರೆಯುವುದು ಅಲ್ಪ ಲಾಭವಲ್ಲ.

ಇನ್ನೊಂದು ದಾರಿ ಬುಡದಿಂದ ಕಟ್ಟುತ್ತ ಬರುವುದು. ಕಬ್ಬಿನ ಸೀಮೆಯ ನಮಗೆ ಅದರ ಮೊದಲ ಹೆಜ್ಜೆ ರುಚಿಸಬೇಕು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನೊಡನೆ ಅರೆದು ಹಿಂಡಿ, ಆ ರಸ ಕೆಡದಿರಲೆಂದು ಸಕ್ಕರೆ ಬೆರೆಸಿದರು. ಜೀವಂತ ಕೋಶಗಳಿಲ್ಲದ ಆ ರಸವೇ ಸಕ್ಕರೆಯನ್ನು ಹುದುಗಿಸತೊಡಗಿತು! ಜೀವದ ಕೆಲಸ ಜೀವಕೋಶದ ಹೊರಗೂ ನಡೆದೀತೆಂದು ಜಗತ್ತು ಅರಿತುಕೊಂಡಿತು. ಅದೇ ಜಾಡಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್, ಡೇರಿಯಸ್ ಕೋಸ್ಟರ್ ಮತ್ತು ಸಂಗಡಿಗರು ಕೃತಕ ಪೊರೆಯೊಂದರ ಮೇಲೆ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನುಗಳನ್ನು ಹಾಸಿ, ಎಟಿಪಿ ಎಂಬ ಇಂಧನ ಊಡಿದಾಗ ಪೊರೆಯ ಘಟಕಗಳು ತಾವಾಗಿ ಗುಂಪುಗೂಡುವುದನ್ನು 2016ರಲ್ಲಿ ತೋರಿಸಿದರು. ಅದು ಕೋಶವಲ್ಲ, ಕೋಶದ ಒಂದು ಗೋಡೆಯ ಒಂದು ನಡತೆ. ಆದರೆ ಪ್ರತಿಯೊಂದು ಅಂಗವೂ ತಿಳಿದು ಸೇರಿಸಿದ್ದು. ಇಂಥ ತಾಳ್ಮೆಯ ಕೆಲಸಕ್ಕೆ ದೊಡ್ಡ ಅಕ್ಷರಗಳ ಶಿರೋನಾಮೆ ಸಿಕ್ಕುವುದಿಲ್ಲ.

ಹೆಸರು ಹೇಗೆ ಮುಂದೋಡುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವುಂಟು. ಅಲಹಾಬಾದ್ ವಿಶ್ವವಿದ್ಯಾಲಯದ ಕೃಷ್ಣ ಬಹಾದೂರ್ ಅವರು 1960ರ ದಶಕದಲ್ಲಿ, ಬೆಳಕಿಗೊಡ್ಡಿದ ರಾಸಾಯನಿಕ ಮಿಶ್ರಣದಲ್ಲಿ ಕೋಶವನ್ನು ಹೋಲುವ ಕಣಗಳನ್ನು ಕಂಡು ‘ಜೀವಾಣು’ ಎಂದು ಕರೆದರು. 1967ರಲ್ಲಿ ನಾಸಾದ ವಿಜ್ಞಾನಿಗಳ ಪರಿಶೀಲನೆಗೆ ಅವುಗಳ ಜೀವಂತಿಕೆ ಸಿದ್ಧವಾಗಿ ತೋರಲಿಲ್ಲ. ಕಣಗಳು ಸುಳ್ಳಲ್ಲ, ಇಟ್ಟ ಹೆಸರು ಭಾರವಾಯಿತು. ಮಾತಿನಲ್ಲಿ ಬದುಕುವ ಸಾಹಿತಿಗಳು ಇದನ್ನು ಮರೆಯಬಾರದು. ನಿರ್ಮಾಣ, ಅನುಕರಣ, ಸೃಷ್ಟಿ ಎಂಬ ಮೂರು ಶಬ್ದಗಳ ಅಂತರವನ್ನು ಕನ್ನಡ ಬಲ್ಲದು. ಅದನ್ನು ಬಳಸದೆ ಬಿಟ್ಟರೆ ತಪ್ಪು ವಿಜ್ಞಾನದ್ದಲ್ಲ, ನಮ್ಮದು.

ಹಾಗೆಂದು ಇದನ್ನು ಬರಿಯ ಆಟಿಕೆಯೆಂದು ತಳ್ಳಿಹಾಕುವಂತೆಯೂ ಇಲ್ಲ. 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು ಒಟ್ಟಾಗಿ ಎಚ್ಚರಿಕೆಯೊಂದನ್ನು ಪ್ರಕಟಿಸಿದರು. ಕನ್ನಡಿಯ ಬಿಂಬದಂತೆ ಎಡಬಲ ತಿರುಗಿದ ಅಣುಗಳಿಂದ ಬ್ಯಾಕ್ಟೀರಿಯವನ್ನು ಕಟ್ಟಿದ್ದಾದರೆ ನಮ್ಮ ದೇಹದ ಕಾವಲು ಅದನ್ನು ಗುರುತಿಸದೆ ಹೋದೀತು. ಆದುದರಿಂದ ಆ ದಾರಿ ತುಳಿಯುವುದು ಬೇಡವೆಂದರು. ಅವರಲ್ಲಿ ಕೆಲವರು ಆ ದಾರಿಯ ಕನಸು ಕಂಡವರೇ. ಹಟಕ್ಕೆ ಬಿದ್ದು ತ್ರಿಶಂಕುವಿಗೆ ಬೇರೆ ಸ್ವರ್ಗ ಕಟ್ಟಿದ ವಿಶ್ವಾಮಿತ್ರನ ಕಥೆ ಬಲ್ಲ ನಮಗೆ, ಕಟ್ಟುವ ಮೊದಲೇ ಕೈ ತಡೆದ ಈ ವಿವೇಕ ಬೆಲೆಯುಳ್ಳದ್ದಾಗಿ ಕಾಣಬೇಕು.

ಇಂಥ ತೀರ್ಮಾನಗಳು ಮುಂದೆ ವಿಜ್ಞಾನಿಗಳಿಗಷ್ಟೇ ಬಿಟ್ಟ ವಿಷಯವಾಗಿ ಉಳಿಯವು. ನಮ್ಮ ಮಕ್ಕಳು ಅಭಿಪ್ರಾಯ ಹೇಳಬೇಕಾದ ಕಾಲ ಬರುತ್ತದೆ. ಕೋಶವೆಂದರೆ ಪರೀಕ್ಷೆಗಾಗಿ ಬಿಡಿಸಿ ಹೆಸರು ಬರೆಯುವ ಚಿತ್ರವೆಂದೇ ತಿಳಿದವರು ಯಾವ ಅಭಿಪ್ರಾಯ ಹೇಳಿಯಾರು? ಈ ಮೂರು ತಾಲ್ಲೂಕುಗಳ ಉಪಾಧ್ಯಾಯರಲ್ಲಿ ನನ್ನ ವಿನಂತಿ ಸಣ್ಣದು. ಪ್ರೌಢಶಾಲೆಯ ಕಪಾಟಿನಲ್ಲಿರುವ ಸೂಕ್ಷ್ಮದರ್ಶಕ ಹೊರಗೆ ಬರಲಿ. ಉಳ್ಳಾಗಡ್ಡಿಯ ಪೊರೆಯಲ್ಲಿ ಸಾಲುಗೂಡಿದ ಕೋಶಗಳನ್ನು ಮಕ್ಕಳು ಕಾಣಲಿ. ಬೆಲ್ಲದ ನೀರಿನಲ್ಲಿ ಯೀಸ್ಟು ಮೊಗ್ಗೊಡೆಯುವುದನ್ನು ಅರ್ಧ ದಿನ ಕಾದು ನೋಡಲಿ. ಒಂದು ಇದ್ದದ್ದು ಎರಡಾಗುವುದನ್ನು ಕಣ್ಣಾರೆ ಕಂಡ ಹುಡುಗಿ, ಮುಂದೆ ಯಾರಾದರೂ ಜೀವವನ್ನು ಮಾಡಿದೆವೆಂದು ಸಾರಿದಾಗ, ಬೆರಗಾಗುವ ಮೊದಲು ಬೀಜವೆಲ್ಲಿ ಎಂದು ಕೇಳಿಯಾಳು.