ಆಂಬುಲೆನ್ಸಿಗಿಂತ ಮೊದಲು

ನೆರೂಳದಿಂದ ರೈಲಿನಲ್ಲಿ ಮೂರನೆಯ ನಿಲ್ದಾಣ ಖಾರ್ಘರ. 2023ರ ಏಪ್ರಿಲ್ 16ರಂದು ಅಲ್ಲಿಯ ಬಯಲಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನಕ್ಕೆ ಲಕ್ಷಗಟ್ಟಲೆ ಜನ ನೆರೆದಿದ್ದರು. ನೆರಳಿಲ್ಲದೆ ಗಂಟೆಗಟ್ಟಲೆ ಬಿಸಿಲಿನಲ್ಲಿ ಕುಳಿತವರಲ್ಲಿ 14 ಮಂದಿ ಅಸುನೀಗಿದರು. ವೇದಿಕೆಗೆ ಚಾವಣಿಯಿತ್ತು, ಜನರಿಗಿರಲಿಲ್ಲ.

ಆಯೋಜಕರ ಹೊಣೆಯ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಆರೋಗ್ಯ ಸಿಬ್ಬಂದಿಯ ತರಬೇತಿಯ ಬಗ್ಗೆ ಅಷ್ಟಾಗಿ ನಡೆಯಲಿಲ್ಲ. ಬಿಸಿಲಿನ ಆಘಾತದಲ್ಲಿ ದೇಹದ ಒಳತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪ್ರಜ್ಞೆ ಕದಡುತ್ತದೆ. ಅಂಥವರನ್ನು ಮೊದಲ ಅರ್ಧ ಗಂಟೆಯೊಳಗೆ, ಬಿದ್ದ ಜಾಗದಲ್ಲಿಯೇ, ತಣ್ಣೀರು ಮಂಜುಗಡ್ಡೆಗಳಿಂದ ತಂಪುಗೊಳಿಸಬೇಕು. ಸಾಗಿಸುವುದು ಆಮೇಲಿನ ಮಾತು. ಇದಕ್ಕೆ ಬೇಕಾದುದು ಯಂತ್ರವಲ್ಲ, ಪಳಗಿದ ಕೈ.

ಡೊಂಬಿವಲಿಯ ಎಂಐಡಿಸಿಯಲ್ಲಿ 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ರಾಸಾಯನಿಕ ಕಾರ್ಖಾನೆಗಳು ಸ್ಫೋಟಿಸಿದವು. ಠಾಣೆ–ಬೇಲಾಪುರ ಪಟ್ಟಿಯಲ್ಲೂ ಅಂಥ ಕಾರ್ಖಾನೆಗಳಿವೆ. ಏಕಕಾಲಕ್ಕೆ ನೂರು ಗಾಯಾಳುಗಳು ಬಂದಾಗ ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿ ಕಟ್ಟಿ ವಿಂಗಡಿಸುವ ಕ್ರಮವುಂಟು. ಹೆಚ್ಚು ಕೂಗುವವನಿಗಿಂತ ಮೌನವಾಗಿ ಮಲಗಿದವನೇ ಅಪಾಯದಲ್ಲಿರಬಹುದೆಂಬುದನ್ನು ದಾದಿಯಷ್ಟೇ ಅಲ್ಲ, ವಾರ್ಡ್‌ಬಾಯ್, ಆಂಬುಲೆನ್ಸ್ ಚಾಲಕ, ಆಶಾ ಕಾರ್ಯಕರ್ತೆಯರೂ ಅಭ್ಯಾಸದಿಂದ ಅರಿತಿರಬೇಕು.

ದಾನಿಗಳಿಗೆ ಆಂಬುಲೆನ್ಸ್ ಕೊಡುವುದು ಪ್ರಿಯ, ಅದರ ಬಾಗಿಲ ಮೇಲೆ ಹೆಸರು ಬರೆಸಬಹುದಲ್ಲ! ತರಬೇತಿಯ ಮೇಲೆ ಬರೆಸಲಾಗದು. ಆದ್ದರಿಂದ ಪಾಲಿಕೆಯೇ ಮುಂದಾಗಲಿ: ಆಸ್ಪತ್ರೆಗಳ ನೋಂದಣಿಯ ನವೀಕರಣಕ್ಕೆ ವರ್ಷಕ್ಕೆರಡು ಅಣಕು ಕಾರ್ಯಾಚರಣೆಗಳ ದಾಖಲೆಯನ್ನು ಕಡ್ಡಾಯಗೊಳಿಸಲಿ. ಜಾತ್ರೆ, ಪಂಚಕಲ್ಯಾಣ, ಮಹಾಮಸ್ತಕಾಭಿಷೇಕಗಳ ಸ್ವಯಂಸೇವಕರನ್ನೂ ಆ ಅಭ್ಯಾಸಕ್ಕೆ ಕರೆಯಲಿ.