ಊರ ಜೇನಿಗೆ ಬೆಂಕಿ ಇಡುವ ಮುನ್ನ

ಪ್ಯಾರಿಸ್‌ನ ಒಪೆರಾ ಕಟ್ಟಡದ ಚಾವಣಿಯ ಮೇಲೆ 1980ರ ದಶಕದಿಂದ ಜೇನು ಸಾಕುತ್ತಾರೆ. ನ್ಯೂಯಾರ್ಕ್ ನಗರ 2010ರಲ್ಲಿ ಜೇನು ಸಾಕಣೆಯ ಮೇಲಿದ್ದ ನಿಷೇಧ ತೆಗೆಯಿತು. ಆ ನಗರಗಳ ತುಪ್ಪವನ್ನು ಜನ ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮಲ್ಲಿ? ಸುಲೇಪೇಟ, ಸೇಡಂ, ಚಿಂಚೋಳಿಯಂಥ ಊರುಗಳಲ್ಲಿ ಹೆಜ್ಜೇನು ತಾನಾಗಿಯೇ ನೀರಿನ ಟ್ಯಾಂಕಿಗೆ, ಮೊಬೈಲ್ ಟವರಿಗೆ, ಆಲದ ಮರಕ್ಕೆ ಬಂದು ಹುಟ್ಟು ಕಟ್ಟುತ್ತದೆ. ನಾವು ರಾತ್ರಿ ಹೋಗಿ ಬೆಂಕಿ ಇಡುತ್ತೇವೆ.

ಇದು ತೊಗರಿ ಬೆಳೆಯುವವರು ಮಾಡುವ ಕೆಲಸವಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಎಲ್ಲರೂ ಹೆಮ್ಮೆಪಟ್ಟೆವು. ತೊಗರಿ ತನ್ನಷ್ಟಕ್ಕೆ ತಾನೂ ಕಾಯಿ ಕಟ್ಟುತ್ತದೆ, ನಿಜ. ಆದರೆ ಹೂವಿನ ಮೇಲೆ ಜೇನು ಓಡಾಡಿದರೆ ಕಾಯಿ ಹೆಚ್ಚು ನಿಲ್ಲುತ್ತದೆ. ಅದೇ ಹೂ ಬಿಡುವ ಹೊತ್ತಿಗೆ ಕಾಯಿಕೊರಕ ಹುಳಕ್ಕೆಂದು ಎಣ್ಣೆ ಹೊಡೆಯುತ್ತೇವೆ. ಹುಳದ ಜೊತೆಗೆ ಜೇನೂ ಸಾಯುತ್ತದೆ.

ರಾಶಿ ಮುಗಿದ ಮೇಲೆ ಹೊಲದಲ್ಲಿ ಏನಿರುತ್ತದೆ? ಬರೀ ಕರಿ ಮಣ್ಣು. ಹಿಂದೆ ಕುಸುಬಿ, ಗುರೆಳ್ಳು, ಸೂರ್ಯಕಾಂತಿ ಹೆಚ್ಚಿದ್ದವು, ಜೇನಿಗೆ ಹೂವಿನ ಸರತಿ ಸಿಗುತ್ತಿತ್ತು. ಈಗ ಬೇಸಿಗೆಯಲ್ಲಿ ಹೂವಿರುವುದು ಊರೊಳಗೆ: ಬೀದಿಯ ಬೇವು, ಶಾಲೆಯ ಹೊಂಗೆ, ಹಿತ್ತಲ ನುಗ್ಗೆ, ಗುಡಿ ಮುಂದಿನ ಹುಣಸೆ. ಊರ ತುಪ್ಪದ ರುಚಿ ಬರುವುದು ಇಲ್ಲಿಂದಲೇ. ಸೂರ್ಯಕಾಂತಿ ಹೊಲದ ಪಕ್ಕದ ತುಪ್ಪಕ್ಕೆ ಒಂದೇ ಬೆಳೆಯ ರುಚಿ. ಊರ ತುಪ್ಪಕ್ಕೆ ಹತ್ತು ಮರಗಳ ರುಚಿ. ಬೇವು ಹೂ ಬಿಟ್ಟ ಕಾಲದ್ದಾದರೆ ಕೊನೆಗೆ ನಾಲಿಗೆಯ ಮೇಲೆ ಸಣ್ಣ ಕಹಿ. ಅದನ್ನು ಕಲಬೆರಕೆ ಅಂದುಕೊಳ್ಳಬೇಡಿ. ನಿಜವಾದ ಕಲಬೆರಕೆಯ ಅನುಮಾನ ಬಾಟಲಿ ತುಪ್ಪದ ಮೇಲಿದೆ: 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡ್‌ಗಳನ್ನು ಪರೀಕ್ಷಿಸಿದಾಗ 10 ಅನುತ್ತೀರ್ಣವಾಗಿದ್ದವು.

ಶಾಲೆಯ ಗೋಡೆಗೆ ಹೆಜ್ಜೇನು ಕಟ್ಟಿದರೆ ಮಕ್ಕಳ ಗತಿಯೇನು ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಹೆಜ್ಜೇನು ಕಡಿದು ಜನ ಸತ್ತಿದ್ದಾರೆ. ಹಾಗಿರುವ ಕಡೆ ಹುಟ್ಟು ಎಬ್ಬಿಸಲೇಬೇಕು. ಆದರೆ ಎಬ್ಬಿಸುವುದು ಬೇರೆ, ಸುಡುವುದು ಬೇರೆ. ಹೊಗೆ ಹಾಕಿ ಎಬ್ಬಿಸಿದರೆ ಹುಳ ಬೇರೆ ಕಡೆ ಹೋಗಿ ಬದುಕುತ್ತದೆ. ಟವರಿನ ತುದಿಯಲ್ಲಿ, ಯಾರಿಗೂ ತೊಂದರೆಯಿಲ್ಲದ ಮರದಲ್ಲಿ ಇದ್ದರೆ ಬಿಟ್ಟುಬಿಡಿ; ಹೂವು ಮುಗಿದಾಗ ಹೆಜ್ಜೇನು ತಾನೇ ವಲಸೆ ಹೋಗುತ್ತದೆ. ತುಪ್ಪ ಬೇಕಿದ್ದವರು ಹುಟ್ಟಿನ ಮೇಲ್ಭಾಗದ ತುಪ್ಪದ ಗಡ್ಡೆಯನ್ನಷ್ಟೇ ಕೊಯ್ದು ಮರಿಯ ಭಾಗ ಉಳಿಸಬಹುದು. ಬಲ್ಲವರು ಹಾಗೇ ಮಾಡುತ್ತಾರೆ.

ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಸಾಕುವ ಆಸೆಯಿದ್ದರೆ ತುಡುವೆ ಅಥವಾ ಮೆಲ್ಲಿಫೆರಾ ಇದೆ, ಪೆಟ್ಟಿಗೆಗೆ ತೋಟಗಾರಿಕೆ ಇಲಾಖೆ ಸಹಾಯಧನ ಕೊಡುತ್ತದೆ.

ಗ್ರಾಮ ಪಂಚಾಯಿತಿಗಳು ಮೂರು ಕೆಲಸ ಮಾಡಲಿ. ಹುಟ್ಟು ಸುಡುವುದನ್ನು ನಿಲ್ಲಿಸುವ ಠರಾವು ಮಾಡಲಿ. ಹುಟ್ಟು ಎಬ್ಬಿಸಲು ಬಲ್ಲವರ ಫೋನ್ ನಂಬರನ್ನು ಕಚೇರಿಯ ಗೋಡೆಗೆ ಬರೆಸಲಿ, ಅವರಿಗೆ ಕೂಲಿ ಕೊಡಲಿ. ತೊಗರಿ ಹೂವಿನ ಕಾಲಕ್ಕೆ, ಹಗಲು ಎಣ್ಣೆ ಹೊಡೆಯಬೇಡಿ, ಜೇನು ಗೂಡಿಗೆ ಮರಳಿದ ಮೇಲೆ ಸಂಜೆ ಹೊಡೆಯಿರಿ ಎಂದು ಡಂಗುರ ಸಾರಿಸಲಿ. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.