ಹೊಸ್ತಿಲು ದಾಟಿದ ಮೇಲಿನ ಕಥೆ



ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ವಿರುದ್ಧ ಬರೆಯುವ ಈ ಪತ್ರಿಕೆಯ ಸಂಪಾದಕೀಯದಲ್ಲಿ ಸಿನಿಮಾದ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಸಂಘಗಳ ಸಭೆಗೆ ಹೋದಾಗಲೆಲ್ಲ ಒಂದು ಮಾತು ನನ್ನ ಕಿವಿಗೆ ಬೀಳುತ್ತದೆ: "ಅಷ್ಟೊಂದು ಹೊಡೀತಿದ್ರೆ ಬಿಟ್ಟು ಬರಬೇಕಿತ್ತಪ್ಪ, ಸಿನಿಮಾದಲ್ಲಿ ಬರಲ್ವಾ?" ಹಾಗೆನ್ನುವವರದು ಕೆಟ್ಟ ಮನಸ್ಸಲ್ಲ. ಆದರೆ ಸಿನಿಮಾದವಳು ಹೇಗೆ ಬಂದಳು, ಬಂದ ಮೇಲೆ ಏನಾಯಿತು ಎಂಬುದನ್ನು ಅವರು ಮರೆತಿರುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕಥೆ, ಕಾದಂಬರಿ, ನಾಟಕಗಳನ್ನು ಪಾಠ ಮಾಡಿದವಳು ನಾನು. ಗಂಡನ ಹಿಂಸೆಯಿಂದ ತಪ್ಪಿಸಿಕೊಳ್ಳುವ ಹೆಣ್ಣಿನ ಬಗೆಗಿನ ಈ ರೋಚಕ ಚಿತ್ರಗಳ ಕಥಾಹಂದರವನ್ನು ಒಮ್ಮೆ ಬಿಡಿಸಿ ನೋಡಿದರೆ ನಮ್ಮ ಕೆಲಸಕ್ಕೆ ಬೇಕಾದ್ದು ಸಿಗುತ್ತದೆ ಎಂದು ನನಗೆ ತೋರಿದೆ.

ಇಂಥ ಚಿತ್ರಗಳಲ್ಲಿ ಹೆಸರಾದದ್ದು 1991ರ ಅಮೆರಿಕನ್ ಚಿತ್ರ 'ಸ್ಲೀಪಿಂಗ್ ವಿತ್ ದಿ ಎನಿಮಿ'. ಹಗೆಯ ಮಗ್ಗುಲಲ್ಲೇ ಮಲಗುವುದು ಎಂದು ಹೆಸರಿನ ಅರ್ಥ. ನ್ಯಾನ್ಸಿ ಪ್ರೈಸ್ ಎಂಬ ಲೇಖಕಿಯ 1987ರ ಕಾದಂಬರಿ ಅದರ ಮೂಲ. ನಿರ್ದೇಶಕ ಜೋಸೆಫ್ ರೂಬೆನ್, ನಾಯಕಿ ಲಾರಾಳ ಪಾತ್ರದಲ್ಲಿ ಜೂಲಿಯಾ ರಾಬರ್ಟ್ಸ್. ಸಮುದ್ರದ ದಂಡೆಯಲ್ಲಿ ಚೆಂದದ ದೊಡ್ಡ ಮನೆ, ಹಣವಂತ ಗಂಡ. ಬಚ್ಚಲುಮನೆಯಲ್ಲಿ ನೇತುಹಾಕಿದ ಟವೆಲುಗಳ ಅಂಚು ಒಂದಕ್ಕೊಂದು ಸಮನಾಗಿಲ್ಲ ಎಂಬುದು ಗಂಡನ ಕಣ್ಣಿಗೆ ಬೀಳುತ್ತದೆ. ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳ ಹೆಸರಿನ ಚೀಟಿಗಳೆಲ್ಲ ಮುಂದಕ್ಕೇ ಮುಖ ಮಾಡಿ ಸಾಲಾಗಿ ನಿಂತಿರಬೇಕು. ಲಾರಾ ಹೋಗಿ ಸರಿಪಡಿಸುತ್ತಾಳೆ. ಆಗ ಅವಳ ಕೈ, ಅವಳ ಕಣ್ಣು ಎರಡೂ ನಮಗೆ ಎಲ್ಲವನ್ನೂ ಹೇಳಿಬಿಡುತ್ತವೆ. ಏಟು ಬೀಳುವುದು ಆಮೇಲೆ. ಪಕ್ಕದ ಮನೆಯವನು ನಿನ್ನನ್ನು ನೋಡಿದ ಎಂಬ ನೆಪ. ಹೊಡೆದ ಮೇಲೆ ಹೂವು, ಉಡುಗೊರೆ.

ಇದನ್ನು ಓದುವಾಗ ನಿಮ್ಮಲ್ಲಿ ಕೆಲವರಿಗಾದರೂ ಯಾವುದೋ ಮನೆಯ ನೆನಪಾಗಿರಬೇಕು. ನಮ್ಮಲ್ಲಿ ಟವೆಲಿನ ಬದಲು ಸಾರಿನ ಉಪ್ಪು, ಇಸ್ತ್ರಿಯ ಗೆರೆ, ಹಾಲು ತರಲು ಹೋಗಿ ಐದು ನಿಮಿಷ ತಡವಾದದ್ದು. ಚಿತ್ರ ಏಟಿಗಿಂತ ಮೊದಲು ಭಯವನ್ನು ತೋರಿಸಿತು. ಆ ಕ್ರಮ ಸರಿಯಾದದ್ದು. ನಮ್ಮ ಕಾನೂನೂ ಈಗ ಅದನ್ನು ಒಪ್ಪಿದೆ. 1983ರಲ್ಲಿ ದಂಡಸಂಹಿತೆಗೆ ಸೇರಿದ 498ಎ ಕಲಮು (2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು) ಮನಸ್ಸಿಗಾಗುವ ಹಾನಿಯನ್ನೂ ಕ್ರೌರ್ಯವೆಂದೇ ಎಣಿಸುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬೈಗುಳ, ಅವಮಾನ, ಹಣ ಕಿತ್ತುಕೊಳ್ಳುವುದು ಎಲ್ಲವನ್ನೂ ಹೆಸರು ಹೇಳಿ ಸೇರಿಸಿಕೊಂಡಿದೆ.

ಒಂದು ರಾತ್ರಿ ದೋಣಿಯಲ್ಲಿ ಹೋದಾಗ ಬಿರುಗಾಳಿ ಏಳುತ್ತದೆ, ಲಾರಾ ಸಮುದ್ರದ ಪಾಲಾದಳೆಂದು ಗಂಡ ನಂಬುತ್ತಾನೆ. ಅವಳಿಗೆ ನೀರೆಂದರೆ ಭಯವೆಂದು ಅವನಿಗೆ ಗೊತ್ತು. ಅವನಿಗೆ ಗೊತ್ತಿಲ್ಲದ್ದೆಂದರೆ, ಅವಳು ಗುಟ್ಟಾಗಿ ಈಜು ಕಲಿತಿದ್ದಳು. ಕಣ್ಣಿಲ್ಲದ ತನ್ನ ತಾಯಿ ತೀರಿಹೋದಳೆಂದು ಅವನಿಗೆ ಹೇಳಿ, ಮೊದಲೇ ಬೇರೆ ಊರಿನ ವೃದ್ಧಾಶ್ರಮಕ್ಕೆ ಸೇರಿಸಿದ್ದಳು. ಇದೆಲ್ಲ ಪ್ರೇಕ್ಷಕರಾದ ನಮಗೂ ತಿಳಿಯುವುದು ಅವಳು ಪಾರಾದ ಮೇಲೆ. ಕಥೆ ಆ ಗುಟ್ಟನ್ನು ನಮ್ಮಿಂದಲೂ ಬಚ್ಚಿಟ್ಟಿತ್ತು. "ಬಿಟ್ಟು ಬರಬೇಕಿತ್ತು" ಎನ್ನುವವರಿಗೆ ನಾನು ತೋರಿಸಬೇಕೆಂದಿರುವುದು ಇದನ್ನೇ. ಹೊರಗಿನಿಂದ ನೋಡುವವರಿಗೆ ಸುಮ್ಮನೆ ಸಹಿಸಿಕೊಂಡು ಬಿದ್ದಿರುವವಳಂತೆ ಕಂಡ ಹೆಂಗಸು ಒಳಗೊಳಗೇ ತಿಂಗಳುಗಟ್ಟಲೆ ಸಿದ್ಧವಾಗುತ್ತಿದ್ದಳು.

ಇನ್ನೊಂದು ವಿಷಯ ಗಮನಿಸಿ. ಈ ಪಾರಾಗುವಿಕೆ ಬರುವುದು ಚಿತ್ರದ ಮೊದಲ ಮೂರನೇ ಒಂದು ಭಾಗದೊಳಗೇ. ನಾವು ಪಾಠ ಮಾಡುತ್ತಿದ್ದ ಇಬ್ಸೆನ್ನನ 'ಗೊಂಬೆಯ ಮನೆ' (1879) ನೋರಾ ಬಾಗಿಲು ಮುಚ್ಚಿಕೊಂಡು ಹೊರನಡೆಯುವಲ್ಲಿಗೆ ಮುಗಿಯುತ್ತದೆ. ಆಮೇಲೆ ಅವಳು ಎಲ್ಲಿಗೆ ಹೋದಳು, ಏನು ಉಂಡಳು ಎಂದು ವಿದ್ಯಾರ್ಥಿನಿಯರು ಪ್ರತಿ ವರ್ಷವೂ ಕೇಳುತ್ತಿದ್ದರು. ನಾಟಕ ಅದನ್ನು ಹೇಳುವುದಿಲ್ಲ. ರೋಚಕ ಕಥೆಯ ದಾರಿ ಬೇರೆ. ಅದು ಹೊಸ್ತಿಲು ದಾಟುವುದನ್ನು ಮೊದಲಿಗಿಟ್ಟು, ಉಳಿದ ಕಥೆಯನ್ನೆಲ್ಲ ಬೆನ್ನಟ್ಟುವುದಕ್ಕೆ ಕೊಡುತ್ತದೆ. ಜನರನ್ನು ಕುರ್ಚಿಯ ತುದಿಗೆ ತಂದು ಕೂರಿಸಲು ಮಾಡಿದ ಉಪಾಯ ಇದು, ನಿಜ. ಆದರೂ ಸತ್ಯ ಅದರಲ್ಲೇ ಇದೆ. ಹೆಣ್ಣು ಬಿಟ್ಟುಹೋಗುವ ಹೊತ್ತು ಮತ್ತು ಅದರ ನಂತರದ ದಿನಗಳು ಅವಳಿಗೆ ಅತ್ಯಂತ ಅಪಾಯದ ಕಾಲ ಎಂದು ಈ ಕೆಲಸದಲ್ಲಿ ತೊಡಗಿದವರೆಲ್ಲ ಬಲ್ಲರು. ಕೈತಪ್ಪಿ ಹೋಗುತ್ತಿದ್ದಾಳೆಂದಾಗಲೇ ಅವನ ರೋಷ ತಲೆಗೇರುವುದು. ಅವಳನ್ನು ಬಸ್ಸು ಹತ್ತಿಸಿದ ದಿನಕ್ಕೇ ನಮ್ಮ ಕೆಲಸ ಮುಗಿಯಿತೆಂದು ಸಂಘದವರು ಕೈ ತೊಳೆದುಕೊಳ್ಳುವಂತಿಲ್ಲ.

ಗಂಡನಿಗೆ ಗುಟ್ಟು ಬಯಲಾಗುವುದು ಹೇಗೆ? ಈಜು ಕಲಿಯುತ್ತಿದ್ದ ಕಡೆಯ ಹೆಂಗಸೊಬ್ಬಳು ದುಃಖ ಹೇಳಿಕೊಳ್ಳಲು ಅವನಿಗೆ ಫೋನು ಮಾಡುತ್ತಾಳೆ. ಪಾಪ, ಒಳ್ಳೆಯ ಮನಸ್ಸಿನವಳು. ಲಾರಾ ಈಜು ಕಲಿಯಲು ಬರುತ್ತಿದ್ದಳೆಂದು ಮಾತಿನ ಮಧ್ಯೆ ಹೇಳಿಬಿಡುತ್ತಾಳೆ. ಅಷ್ಟು ಸಾಕಾಯಿತು. ಲಾರಾ ಕಕ್ಕಸಿಗೆಸೆದು ನೀರು ಬಿಟ್ಟಿದ್ದ ಮದುವೆಯ ಉಂಗುರವೂ ಅವನ ಕೈಗೆ ಸಿಗುತ್ತದೆ. ಅಲ್ಲಿಂದ ತಾಯಿಯ ವಿಳಾಸ, ತಾಯಿಯಿಂದ ಮಗಳ ಊರು.

ಈ ಫೋನಿನ ದೃಶ್ಯವನ್ನು ಪ್ರತಿಯೊಂದು ಸ್ವಸಹಾಯ ಸಂಘವೂ ಕೂತು ಚರ್ಚಿಸಬೇಕೆಂಬುದು ನನ್ನ ಆಸೆ. ಏಕೆಂದರೆ ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಸಂಘದ ಉಳಿತಾಯವೇ ಆ ಈಜು. ವಾರಕ್ಕೆ ಇಪ್ಪತ್ತೋ ಐವತ್ತೋ ರೂಪಾಯಿ ಕಟ್ಟುತ್ತಿರುವವಳು ಯಾವುದಕ್ಕೆ ಕೂಡಿಡುತ್ತಿದ್ದಾಳೆ ಎಂದು ನಮಗೆ ಹೇಳದೆ ಇರಬಹುದು. "ನಿಮ್ಮ ಮನೆಯವರ ಖಾತೆಯಲ್ಲಿ ಇಷ್ಟಾಗಿದೆ" ಎಂದು ಅವಳ ಗಂಡನಿಗೆ ಅಂಗಡಿ ಮುಂದೆ ಹೇಳುವುದು, ಪಾಸ್‌ಪುಸ್ತಕವನ್ನು ಮೈದುನನ ಕೈಯಲ್ಲಿ ಕಳಿಸುವುದು, ಸಾಲದ ಅರ್ಜಿಯ ಕಾರಣವನ್ನು ಎಲ್ಲರೆದುರು ಗಟ್ಟಿಯಾಗಿ ಓದುವುದು ನಮಗೆ ಸಣ್ಣ ಮಾತು. ಅವಳಿಗೆ ಅದು ಪ್ರಾಣದ ಪ್ರಶ್ನೆ. ರೇಷನ್ ಕಾರ್ಡು, ಆಧಾರ್, ಮಕ್ಕಳ ಶಾಲೆಯ ದಾಖಲೆ, ಮದುವೆಯ ಫೋಟೋ, ವರದಕ್ಷಿಣೆಯಾಗಿ ಕೊಟ್ಟ ಒಡವೆ ಪಾತ್ರೆಗಳ ಪಟ್ಟಿ, ಆಸ್ಪತ್ರೆಯ ಚೀಟಿ, ಇವುಗಳ ನಕಲನ್ನು ಒಬ್ಬ ನಂಬಿಕಸ್ತ ಸದಸ್ಯೆ ತನ್ನ ಮನೆಯಲ್ಲಿ ಇಟ್ಟುಕೊಂಡರೆ ಅದು ದೊಡ್ಡ ಉಪಕಾರ. ಯಾರು ಇಟ್ಟುಕೊಂಡಿದ್ದಾರೆ ಎಂಬುದು ಸಂಘದಲ್ಲೂ ಎಲ್ಲರಿಗೂ ತಿಳಿಯಬೇಕಿಲ್ಲ. ಇನ್ನು ತವರು ಮನೆ. ಅವನು ಮೊದಲು ಹುಡುಕಿಕೊಂಡು ಬರುವುದೇ ಅಲ್ಲಿಗೆ. ಅಮೆರಿಕದ ಆ ಗಂಡನೂ ಹೋದದ್ದು ತಾಯಿಯ ಬಳಿಗೇ ಅಲ್ಲವೇ?

ಈ ಕಥೆ ಹಿಂದಿಗೆ ಬಂದಾಗ ಅದರ ಹೆಣಿಗೆಯೇ ಬದಲಾಯಿತು. ಪಾರ್ಥೋ ಘೋಷ್ ಅವರ 'ಅಗ್ನಿಸಾಕ್ಷಿ' (1996) ನೋಡಿದವರಿಗೆ ನೆನಪಿರಬಹುದು. ಮನೀಷಾ ಕೊಯಿರಾಲಾ ಮತ್ತು ಜಾಕಿ ಶ್ರಾಫ್ ಮದುವೆಯಾಗಿ ಸುಖವಾಗಿದ್ದಾರೆ. ನಾನಾ ಪಾಟೇಕರ್ ಬಂದು "ಇವಳು ನನ್ನ ಹೆಂಡತಿ" ಎನ್ನುತ್ತಾನೆ. ಅವಳು ಇಲ್ಲವೆನ್ನುತ್ತಾಳೆ. ನಮಗೆ ಅವನು ಹುಚ್ಚನೋ ಅವಳು ಸುಳ್ಳುಗಾರ್ತಿಯೋ ಎಂಬ ಅನುಮಾನ. ಅವಳು ಅನುಭವಿಸಿದ ನರಕ ತಿಳಿಯುವುದು ಬಹಳ ತಡವಾಗಿ. ಕುತೂಹಲಕ್ಕೆ ಇದು ಒಳ್ಳೆಯ ತಂತ್ರ, ನಾನಾ ಪಾಟೇಕರ್ ಅಭಿನಯವೂ ಮೈ ನಡುಗಿಸುವಂಥದು. ನನಗೆ ಮಾತ್ರ ಆ ಹೆಣಿಗೆ ಹಿಡಿಸಲಿಲ್ಲ. ಕಥೆಯನ್ನು ಹೆಣ್ಣು ಓಡಿಬಂದ ಮೇಲಿನಿಂದ ಶುರುಮಾಡಿದರೆ ಅನುಮಾನ ಮೊದಲು ಬೀಳುವುದು ಅವಳ ಮೇಲೆ. ಊರ ಪಂಚಾಯಿತಿಯಲ್ಲಿ, ಠಾಣೆಯಲ್ಲಿ, ಎಷ್ಟೋ ಸಲ ತವರಿನ ಜಗಲಿಯಲ್ಲೂ ನಡೆಯುವುದು ಇದೇ. "ಮನೆ ಬಿಟ್ಟು ಯಾಕೆ ಬಂದೆ?" ಎಂಬುದು ಮೊದಲ ಪ್ರಶ್ನೆಯಾದಾಗ ಆರೋಪಿ ಯಾರೆಂದು ಅಲ್ಲಿಗೇ ತೀರ್ಮಾನವಾಗಿಬಿಟ್ಟಿರುತ್ತದೆ.

ಇದು ಬರೀ ಸಿನಿಮಾದ ಮಾತಲ್ಲ. ಪಂಜಾಬಿನಿಂದ ಮದುವೆಯಾಗಿ ಇಂಗ್ಲೆಂಡಿಗೆ ಹೋದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಗಂಡನ ಹಿಂಸೆ ಅನುಭವಿಸಿ, 1989ರ ಒಂದು ರಾತ್ರಿ ಮಲಗಿದ್ದ ಅವನಿಗೆ ಬೆಂಕಿ ಹಚ್ಚಿದರು. ಅವನು ಸತ್ತ. ಕೊಲೆಯ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಯಿತು. ಆ ರಾತ್ರಿಯ ಬೆಂಕಿಯ ಕಥೆ ನ್ಯಾಯಾಲಯದ ಕಣ್ಣಿಗೆ ಕಂಡಿತು, ಅದರ ಹಿಂದಿನ ಹತ್ತು ವರ್ಷ ಸರಿಯಾಗಿ ಕಾಣಲಿಲ್ಲ. ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಅವರ ಪರವಾಗಿ ಹೋರಾಡಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಕೊಲೆಯಲ್ಲ, ಅದಕ್ಕಿಂತ ಕಡಿಮೆಯ ಅಪರಾಧ ಎಂದಾಗಿ ಅದೇ ವರ್ಷ ಅವರು ಬಿಡುಗಡೆಯಾದರು. ನಡೆದ ಘಟನೆ ಅದೇ. ಹೇಳಿಕೆ ಹಿಂದಕ್ಕೆ ಹೋಗಿ, ಶುರುವಾಗಬೇಕಾದ ಕಡೆಯಿಂದ ಶುರುವಾಗಿತ್ತು.

ಚಿತ್ರಗಳ ಕೊನೆಯ ಬಗ್ಗೆಯೂ ಎರಡು ಮಾತು. ಲಾರಾ ಹೊಸ ಊರಿನ ತನ್ನ ಪುಟ್ಟ ಮನೆಯಲ್ಲಿ ಒಂದು ರಾತ್ರಿ ಬಚ್ಚಲುಮನೆಯ ಟವೆಲುಗಳು ಸಮನಾಗಿರುವುದನ್ನು ನೋಡುತ್ತಾಳೆ. ಕಪಾಟು ತೆರೆದರೆ ಡಬ್ಬಿಗಳು ಸಾಲಾಗಿ ನಿಂತಿವೆ. ಮೊದಲಿಗೆ ಕಂಡದ್ದನ್ನೇ ಕೊನೆಯಲ್ಲಿ ತಂದು ಎದೆ ನಡುಗಿಸುವ ಜಾಣತನ ಅದು. ಆಮೇಲೆ ಅವಳು ಪೊಲೀಸರಿಗೆ ಫೋನು ಮಾಡಿ ಅವನಿಗೆ ಗುಂಡು ಹೊಡೆಯುತ್ತಾಳೆ. ನಮ್ಮ ಚಿತ್ರಗಳಿಗೆ ಹೆಂಡತಿಯ ಕೈಯಿಂದ ಗಂಡನನ್ನು ಕೊಲ್ಲಿಸಲು ಅನೇಕ ಸಲ ಧೈರ್ಯ ಬರುವುದಿಲ್ಲ. ತೆಲುಗಿನ 'ಪೆಳ್ಳಿ'ಯಲ್ಲಿ (1997) ಆ ಕೆಲಸ ಗಂಡನ ತಾಯಿಯ ಪಾಲಿಗೆ ಬರುತ್ತದೆ, ಅವಳೇ ಮಗನಿಗೆ ವಿಷವಿಡುತ್ತಾಳೆ. ಸೊಸೆಯ ಪರ ನಿಂತ ಅತ್ತೆಯನ್ನು ತೆರೆಯ ಮೇಲೆ ಕಂಡದ್ದೇ ಒಂದು ಸಮಾಧಾನ, ಆದರೆ ಅದಕ್ಕಾಗಿ ಅವಳು ಕೊಲೆಗಾತಿಯಾಗಬೇಕಾಯಿತೇ? ಎಲ್ಲ ಕಡೆಯೂ ಕಥೆ ಮುಗಿಯುವುದು ಒಬ್ಬ ದುಷ್ಟನ ಸಾವಿನಿಂದ. ನಮ್ಮ ಮನೆಗಳಲ್ಲಿ ದುಷ್ಟ ಒಬ್ಬನೇ ಇರುವುದು ಅಪರೂಪ. ಇನ್ನೂ ಒಂದು ಲಕ್ಷ ತಾ ಎನ್ನುವ ಮಾವ, ಕೇಳಿಯೂ ಕೇಳದಂತಿರುವ ನಾದಿನಿ, "ಹೊಂದಿಕೊಂಡು ಹೋಗಮ್ಮ" ಎನ್ನುವ ಸ್ವಂತ ಅಣ್ಣ ಇವರೆಲ್ಲರನ್ನೂ ಸೇರಿಸಿಕೊಂಡ ಕಥೆಗೆ ಒಂದು ಗುಂಡು ಸಾಲದು. ಅವಳು ಬದುಕಬೇಕು, ಮಕ್ಕಳು ಓದಬೇಕು, ಅವನು ಬಾಗಿಲಿಗೆ ಬರಬಾರದು. ಇದಕ್ಕೆ ಬೇಕಾದ್ದು ಮ್ಯಾಜಿಸ್ಟ್ರೇಟರ ರಕ್ಷಣಾದೇಶ, ಆ ಮನೆಯಲ್ಲೇ ವಾಸಿಸುವ ಹಕ್ಕಿನ ಆದೇಶ, ಜೀವನಾಂಶ. 2005ರ ಕಾಯ್ದೆಯಲ್ಲಿ ಇವೆಲ್ಲ ಇವೆ. ರಕ್ಷಣಾದೇಶ ಮುರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಆ ಕಾಯ್ದೆಯ ನಿಯಮಗಳಲ್ಲಿ ನಮೂನೆ-1 ಎಂಬ ಕೌಟುಂಬಿಕ ಘಟನಾ ವರದಿ ಇದೆ. ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿಗಳಾಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಅದನ್ನು ಬರೆದುಕೊಳ್ಳುತ್ತಾರೆ. ಯಾವಾಗ, ಎಲ್ಲಿ, ಯಾರು, ಏನು ಮಾಡಿದರು, ವರದಕ್ಷಿಣೆ ಕೇಳಿದರೇ, ಹಣ ಕೊಡದೆ ಇಟ್ಟರೇ ಎಂದು ಬೇರೆಬೇರೆಯಾಗಿ ಅದು ಕೇಳುತ್ತದೆ. ಬಿಟ್ಟು ಯಾಕೆ ಬಂದೆ ಎಂದು ಕೇಳುವುದಿಲ್ಲ. ಕಚೇರಿಗೆ ಹೋಗುವ ಮೊದಲೇ ಅವಳ ಜೊತೆ ಕೂತು ಮೊದಲ ಏಟಿನ, ಮೊದಲ ಬೇಡಿಕೆಯ, ಮೊದಲ ಹೆದರಿಕೆಯ ದಿನಗಳನ್ನು ಹಬ್ಬ, ಬಾಣಂತನ, ಮಗುವಿನ ವಯಸ್ಸು ಹಿಡಿದು ನೆನಪಿಸಿ ಒಂದು ಹಾಳೆಯಲ್ಲಿ ಬರೆದಿಡಲು ಅಕ್ಷರ ಬಲ್ಲ ಒಬ್ಬ ಸದಸ್ಯೆ ಸಾಕು. ತುರ್ತಿಗೆ 112 ಮತ್ತು ಮಹಿಳಾ ಸಹಾಯವಾಣಿ 181 ಇವೆ, ಗೋಡೆಯ ಮೇಲೆ ಬರೆದಿಡಿ. ನಮೂನೆ-1ನ್ನು ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಅಚ್ಚು ಹಾಕಿದ್ದೇವೆ. ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಅದನ್ನು ಒಮ್ಮೆ ಎಲ್ಲರಿಗೂ ಓದಿ ಹೇಳಿ.